ಕೂದಲೆಳೆ ಹಿಂದಕ್ಕೆ

ಮಾರ್ಚ್ 3, ಸಂಜೆ

ಜೀಪು ಮತ್ತೆ ವಾಪಸ್. ಟ್ರ್ಯಾಕ್ಟರ್ ಹಿಂದೆ ಹಗ್ಗ ಕಟ್ಟಿಸಿಕೊಂಡು, ಹಟ ಹಿಡಿದ ಎಮ್ಮೆ ಹಾಗೆ ಬಂತು. ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದೆ. ಪ್ಲಗ್ ಎಲ್ಲಾ ಹೊಸದು. ಪಾಯಿಂಟ್ ಹೊಸದು. ರೇಡಿಯೇಟರ್ ಕೂಡ ಕ್ಲೀನ್. ಆದರೂ ಬೆಟ್ಟದ ಏರಿನಲ್ಲಿ ಮೊದಲು ಏದುಸಿರು, ಆಮೇಲೆ ಹಬೆ, ಆಮೇಲೆ ಬಂದ್.

ಟವರ್ ಮೇಡಂ ಮುಖ ಇಷ್ಟು ಸಣ್ಣದಾಗಿತ್ತು. ಬೆಟ್ಟದ ತುದಿಯ ಮೊಬೈಲ್ ಟವರ್ ನೋಡಿಕೊಳ್ಳೋದು ಅವರ ಕೆಲಸ. ಆ ದಾರಿಗೆ ಬೇರೆ ಯಾವ ಗಾಡಿಯೂ ಹತ್ತಲ್ಲ. ಅವರ ತಾತ ಓಡಿಸಿದ ಈ ಜೀಪೇ ಗತಿ.

"ಮೇಸ್ತ್ರಿಗಳೇ, ತಿರುವಿನಲ್ಲಿ ನಿಂತ್ಹೋಗಿ ಹಿಂದಕ್ಕೆ ಜಾರ್ತು. ಕಲ್ಲೊಂದು ಅಡ್ಡ ಇಲ್ದೇ ಇದ್ದಿದ್ರೆ ನಾನು ಇವತ್ತು ಇಲ್ಲಿ ಇರ್ತಿರ್ಲಿಲ್ಲ" ಅಂದರು ಅಪ್ಪನಿಗೆ.

ಪಕ್ಕದ ಪಂಕ್ಚರ್ ಅಂಗಡಿ ಅಣ್ಣ ಟ್ಯೂಬ್ ನೀರಲ್ಲಿ ಅದ್ದಿಕೊಂಡೇ ಹಲ್ಲು ಕಿರಿದ. "ಹುಡುಗಿ ಕೈಗೆ ಸ್ಪ್ಯಾನರ್ ಕೊಟ್ರೆ ಇನ್ನೇನ್ ಮೇಡಂ? ಗಾಡಿ ನಾಚ್ಕೊಳ್ಳುತ್ತೆ."

"ನಿನ್ನ ಬಾಯಿಗೊಂದು ಪ್ಯಾಚ್ ಹಾಕ್ಕೋ ಅಣ್ಣ. ಲೀಕ್ ಆಗ್ತಿದೆ."

ಅಪ್ಪ ನನ್ನ ಪರ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. "ಇವಳೇ ಏನೋ ಎಡವಟ್ಟು ಮಾಡಿರ್ತಾಳೆ, ನಾನ್ ನೋಡ್ತೀನಿ ಬಿಡಿ" ಅಂದ.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅವತ್ತಿಂದ ಇದೇ ಶೆಡ್. ಇವನಿಗೆ ಮಗಳು ಬೇಕಿಲ್ಲ, ತಪ್ಪು ಹೊರಿಸೋಕೆ ಒಂದು ತಲೆ ಬೇಕು. ಥೂ.

ಮಾರ್ಚ್ 4, ಮಧ್ಯಾಹ್ನ

ಅಪ್ಪನೇ ಟೈಮಿಂಗ್ ಇಟ್ಟ, ಕಿಡಿ ಯಾವಾಗ ಹತ್ತಬೇಕು ಅನ್ನೋ ಲೆಕ್ಕ. ಅದು ಮಾತ್ರ ಅವನ ಸ್ವಂತ ಜಾಗ, ನಾನು ಮುಟ್ಟೋ ಹಾಗಿಲ್ಲ. ಸುತ್ತಮುತ್ತ ಎಲ್ಲ ಇವನನ್ನ ಕಿವಿ ಮೇಸ್ತ್ರಿ ಅನ್ನೋದು ಇದಕ್ಕೇ. ಮೀಟರ್ ಇಲ್ಲ, ಲೈಟ್ ಇಲ್ಲ. ಕಿವಿ ಅಷ್ಟೇ.

ಅವನ ಪಾಠ ಇದು: ಗಾಡಿನ ಟಾಪ್ ಗೇರಿನಲ್ಲಿ ಏರಿಗೆ ಹಾಕು. ಆಕ್ಸಿಲೇಟರ್ ಒತ್ತು. ನಾಕಿಂಗ್ ಬರೋವರೆಗೂ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಮುಂದಕ್ಕೆ ತಿರುಗಿಸ್ತಾ ಹೋಗು. ಸದ್ದು ಬಂತಾ, ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ತಾ. ಮುಗೀತು. ಮುಂದಕ್ಕೆ ಹೋದಷ್ಟೂ ಕಿಡಿ ಬೇಗ ಹತ್ತುತ್ತೆ, ಅದಕ್ಕೇ ನಾಕಿಂಗ್. ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಆಡಿಸಿದ ಹಾಗೆ. ಹಾಗೇ ಬಿಟ್ಟರೆ ಎಂಜಿನ್ ಕಾದು ಪಿಸ್ಟನ್ ತೂತು.

ನೀರಿನ ಟ್ಯಾಂಕ್ ಹತ್ತಿರದ ಏರಿಗೆ ಹೋದೆವು. ಹೋಗ್ತಾ ಇದ್ದ ಹಾಗೇ ಕಲ್ಲು ಆಡಿಸೋ ಸದ್ದು ಶುರು. ಟಿಣ್ ಟಿಣ್ ಟಿಣ್. ಅಪ್ಪ ಇಳಿದು ತಿರುಗಿಸಿದ. ಮುಂದಕ್ಕೆ!

"ಅಪ್ಪಾ, ಬರ್ತಿದೆಯಲ್ಲಾ ಸದ್ದು?"

"ಬಾಯಿ ಮುಚ್ಚೇ ಪಟಾಕಿ. ನಂಗೆ ಕಲಿಸ್ಬೇಡ."

ಮತ್ತೆ ಏರು. ಜಾಸ್ತಿ ಆಯಿತು. ಮತ್ತೆ ಮುಂದಕ್ಕೆ. ತಲೆ ಅಲ್ಲಾಡಿಸಿ "ಆಹಾ, ಬೆಣ್ಣೆ" ಅಂದ.

ನನಗೆ ಹುಚ್ಚು ಹಿಡಿದಿರಬೇಕು. ಅಥವಾ ಅವನಿಗೆ.

ಮಾರ್ಚ್ 6

ಅಮ್ಮ ಕುಕ್ಕರ್ ಇಟ್ಟು ಬಟ್ಟೆ ಒಣಗಿಸೋಕೆ ಮೇಲೆ ಹೋಗಿದ್ದಳು. "ಮೂರು ಕೂಗಿದ್ಮೇಲೆ ಆಫ್ ಮಾಡ್ರೀ" ಅಂತ ಅಪ್ಪನಿಗೆ ಹೇಳಿ. ನಾನು ಶೆಡ್‌ನಲ್ಲಿದ್ದೆ. ಅಲ್ಲಿಗೇ ಕೇಳಿಸ್ತು. ಕೂಗ್ತು, ಕೂಗ್ತು, ಕೂಗ್ತಾನೇ ಇತ್ತು. ಒಳಗೆ ಓಡಿದೆ. ಸೀದ ವಾಸನೆ. ಅಪ್ಪ ಒಲೆ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಪೇಪರ್ ಓದ್ತಿದ್ದ.

"ಯಾಕೇ ಓಡ್ಬಂದೆ? ಇನ್ನೂ ಕೂಗಿಲ್ಲ" ಅಂದ.

ಕೂಗೋದು ನಿಂತಿರಲಿಲ್ಲ. ಅವನು ಹೇಳುವಾಗಲೂ ಕೂಗ್ತಿತ್ತು.

ಆಫ್ ಮಾಡಿ ಹೊರಗೆ ಬಂದೆ.

ಮಾರ್ಚ್ 7

ಅಮ್ಮನ ಹತ್ತಿರ ಹೇಳಿದೆ. ಬೆಚ್ಚಿ ಬೀಳ್ತಾಳೆ ಅಂದುಕೊಂಡಿದ್ದೆ. ಕಸ ಗುಡಿಸೋದು ನಿಲ್ಲಿಸಲೂ ಇಲ್ಲ.

"ನಾನ್ಯಾಕೆ ಯಾವಾಗ್ಲೂ ಅವರ ಎಡಗಡೆ ಕೂರ್ತೀನಿ ಅಂದ್ಕೊಂಡೆ? ಆ ಕಡೆ ಸ್ವಲ್ಪ ವಾಸಿ."

"ಗೊತ್ತಿದ್ದೂ ಸುಮ್ನಿದೀಯಾ? ಡಾಕ್ಟರ್ ಹತ್ರ ಕರ್ಕೊಂಡ್ ಹೋಗೋದಲ್ವಾ?"

"ಕರೆದೆ ಕಣೇ. ಒಂದು ವಾರ ಮಾತು ಬಿಟ್ರು." ಪೊರಕೆ ಗೋಡೆಗೆ ಒರಗಿಸಿದಳು. "ಕಿವಿ ಮೇಸ್ತ್ರಿಗೆ ಕಿವಿ ಇಲ್ಲ ಅಂತ ಹೊರಗೆ ಗೊತ್ತಾದ್ರೆ ಯಾರು ಗಾಡಿ ತರ್ತಾರೆ? ನೀನು ಬಾಯಿಬಡಕಿ. ನಾಲಿಗೆ ಬಿಗಿ ಹಿಡಿ."

ಬಿಗಿ ಹಿಡೀಬೇಕಂತೆ. ಅಲ್ಲಿ ಆ ಹೆಂಗಸು ಬೆಟ್ಟದಿಂದ ಉರುಳಿ ಬೀಳಲಿ, ಇಲ್ಲಿ ನಾವು ನಾಲಿಗೆ ಬಿಗಿ ಹಿಡಿಯೋಣ. ಸೋಮವಾರ ಮೇಡಂ ಜೀಪು ತೆಗೆದುಕೊಂಡು ಹೋಗ್ತಾರೆ. ಊಟ ಸೇರಲಿಲ್ಲ.

ಮಾರ್ಚ್ 8

ಅಪ್ಪ ಬಿಡಿಭಾಗ ತರೋಕೆ ಹೋಗಿದ್ದ. ಡಿಸ್ಟ್ರಿಬ್ಯೂಟರ್ ಬೋಲ್ಟ್ ಸಡಿಲ ಮಾಡಿ ನಾನೇ ಹಿಂದಕ್ಕೆ ತಂದೆ. ಏರಿಗೆ ಒಯ್ದೆ. ಇನ್ನೂ ಸ್ವಲ್ಪ ಹಿಂದಕ್ಕೆ. ಸದ್ದು ಸತ್ತಿತು. ಎಳೆತ ನೋಡಬೇಕಿತ್ತು, ಗೂಳಿ! ಬಿಸಿ ತೋರಿಸೋ ಸೂಜಿ ಕೆಂಪಿಗೆ ಹೋಗಲೇ ಇಲ್ಲ. ತಂದು ಇದ್ದ ಜಾಗದಲ್ಲೇ ನಿಲ್ಲಿಸಿ, ಕೈ ತೊಳೆದು, ಬೆಕ್ಕಿನ ಹಾಗೆ ಕೂತೆ.

ಅವನಿಗೆ ಗೊತ್ತಾಗದಿದ್ದರೆ ಸಾಕು. ಸೋಮವಾರದವರೆಗೆ.

ಮಾರ್ಚ್ 17

ಎಡಗೈಯಲ್ಲಿ ಬರೀತಿದ್ದೀನಿ. ಕಾಗೆ ಕಾಲು ಗುಬ್ಬಿ ಕಾಲು.

ಆ ಸೋಮವಾರ ಬೆಳಿಗ್ಗೆ. ಬ್ಯಾಟರಿ ಇಳಿದಿತ್ತು. ಮುಂದುಗಡೆ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿದೆ. ಹ್ಯಾಂಡಲ್ ಉಲ್ಟಾ ಒದೀತು. ಮಣಿಕಟ್ಟು ಮುರಿದ ಸದ್ದು ನನಗೇ ಕೇಳಿಸ್ತು.

ಸಾಕು. ನೋವು.

ಮಾರ್ಚ್ 18

ಪೂರ್ತಿ ಬರೀತೀನಿ. ಇಲ್ಲದಿದ್ದರೆ ತಲೆ ಸಿಡಿಯುತ್ತೆ.

ಅಪ್ಪ ಡಿಸ್ಟ್ರಿಬ್ಯೂಟರ್ ಮೇಲೆ ಸೀಮೆಸುಣ್ಣದ ಗುರುತು ಹಾಕಿಟ್ಟಿದ್ದನಂತೆ. ಗುರುತು ಜರುಗಿದ್ದು ಕಂಡಿದೆ. ಬಾಯಿ ಬಿಡಲಿಲ್ಲ, ತನ್ನ ಗುರುತಿಗೇ ವಾಪಸ್ ತಂದಿಟ್ಟಿದ್ದಾನೆ. ನಾನು ಇಟ್ಟ ಹಾಗೇ ಇದೆ ಅಂತ ನಂಬಿಕೊಂಡು ನಾನು ತಿರುಗಿಸಿದೆ.

ಹ್ಯಾಂಡಲ್ ಒದೆಯೋದು ಯಾಕೆ? ಕಿಡಿ ಬೇಗ ಹತ್ತಿದರೆ. ಇದನ್ನ ನನಗೆ ಕಲಿಸಿದವನೇ ಅವನು. ನಾನು ನೆಲದ ಮೇಲೆ ಬಿದ್ದು ಒದ್ದಾಡುವಾಗ ಅವನು ಒಂದು ಕ್ಷಣ ನನ್ನನ್ನ ನೋಡಲಿಲ್ಲ, ಬಾನೆಟ್ ನೋಡಿದ. ಆಮೇಲೆ ಮುಖ ಬೂದಿ ಆಯಿತು. ಎತ್ತಿಕೊಂಡು ಪಂಕ್ಚರ್ ಅಣ್ಣನ ಆಟೋಗೆ ಓಡಿದ, ಚಪ್ಪಲಿ ಕೂಡ ಇಲ್ಲದೆ.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕೋವಾಗ ಪಕ್ಕದಲ್ಲೇ ನಿಂತಿದ್ದ. ತಡೆಯೋಕೆ ಆಗಲಿಲ್ಲ.

"ನಿಂಗೆ ಕಿವಿ ಕೇಳ್ಸಲ್ಲ ಅಪ್ಪಾ."

"ಏನು?" ಅಂದ.

ಇಷ್ಟು ದಿನ ಇವನ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು ಅಂತ ಹಲ್ಲು ಕಡಿದಿದ್ದೆ. ಎರಡನೇ ಸಲ ಹೇಳೋಕೆ ಬಾಯಿ ಬರಲಿಲ್ಲ. "ನೀರು ಬೇಕು" ಅಂದೆ, ಜೋರಾಗಿ. ತಂದುಕೊಟ್ಟ.

ಮಾರ್ಚ್ 21

ಅಪ್ಪ ಶೆಡ್ ಬಾಗಿಲು ತೆಗೀತಿಲ್ಲ. ಬಂದವರಿಗೆಲ್ಲ "ಮಗಳಿಗೆ ಏಟಾಗಿದೆ, ಆಮೇಲೆ ಬನ್ನಿ." ಮೇಡಂ ಫೋನ್ ಮಾಡಿದರು, ಟವರ್ ಬಂದ್ ಆಗಿದೆಯಂತೆ, ಮೇಲಿನವರು ಬೈತಿದ್ದಾರಂತೆ. ಅಪ್ಪ ಫೋನ್ ಬಲಕ್ಕೆ ಹಿಡಿದ, ಎಡಕ್ಕೆ ಹಿಡಿದ, ಆಮೇಲೆ ಅಮ್ಮನ ಕೈಗೆ ಕೊಟ್ಟ. "ನಾಡಿದ್ದು ಬನ್ನಿ" ಅಂದುಬಿಟ್ಟಳು ಅಮ್ಮ, ಯಾರನ್ನೂ ಕೇಳದೆ.

ನಾಡಿದ್ದು! ನನ್ನ ಕೈ ಹೀಗೆ. ಅವನ ಕಿವಿ ಹಾಗೆ. ಯಾರು ಇಡ್ತಾರೆ ಟೈಮಿಂಗ್, ಇವಳಾ?

ಮಾರ್ಚ್ 22, ಸಂಜೆ

ಅಪ್ಪ ಬಂದು ಮಂಚದ ಪಕ್ಕ ನಿಂತ. "ಬಾ, ಏರಿಗೆ ಹೋಗ್ಬರೋಣ."

"ನನ್ನ ಕೈಲಿ ಏನ್ ಆಗುತ್ತೆ?"

"ಕೈ ನಂದಿದೆ" ಅಂದ.

ಅಷ್ಟೇ. ನಾನು ಎದ್ದೆ.

ಹೊಸ ಬ್ಯಾಟರಿ ಹಾಕಿದ್ದ. ಹ್ಯಾಂಡಲ್ ಎಲ್ಲೋ ಎಸೆದಿದ್ದ, ಕಾಣಿಸಲಿಲ್ಲ. ಟಾಪ್ ಗೇರ್. ಏರು. ಸದ್ದು ಬರ್ತಿದೆ, ನಾನು ಉಸಿರು ಬಿಗಿ ಹಿಡಿದು ಕೂತಿದ್ದೀನಿ. ಹೇಳಿದರೆ ಮತ್ತೆ "ಬಾಯಿ ಮುಚ್ಚೇ." ಹೇಳದಿದ್ದರೆ ಮೇಡಂ ಪ್ರಾಣ. ಅಪ್ಪ ರಸ್ತೆ ನೋಡ್ತಿರಲಿಲ್ಲ. ನನ್ನ ಮುಖ ನೋಡ್ತಿದ್ದ.

"ಬಂತಾ?"

ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು, ಸದ್ದು ಬಂತಾ ಅಂತ. ತಲೆ ಆಡಿಸಿದೆ.

ಇಳಿದ. ಕೂದಲೆಳೆ ಹಿಂದಕ್ಕೆ. ಮತ್ತೆ ಏರು. "ಹೋಯ್ತಾ?" ಇಲ್ಲ. ಮತ್ತೆ ಇಳಿದ. ಅವನ ಬೆರಳು ನೋಡ್ತಿದ್ದೆ. ನನ್ನದು ಅಷ್ಟು ನಾಜೂಕಾಗಿ ಯಾವತ್ತೂ ತಿರುಗಲ್ಲ.

"ಹೋಯ್ತಾ?"

"ಹೋಯ್ತು."

ಗುರುತು ಹಾಕಲಿಲ್ಲ ಈ ಸಲ.

ಮಾರ್ಚ್ 23

ಬೆಟ್ಟ ಹತ್ತಿದೆವು. ಅಪ್ಪ ಡ್ರೈವಿಂಗ್, ಅವನ ಎಡಗಡೆ ನಾನು, ಹಿಂದೆ ಮೇಡಂ ಎರಡೂ ಕೈಯಲ್ಲಿ ಕಂಬಿ ಹಿಡಿದು. ಜೀಪು ಜಾರಿದ ಆ ತಿರುವು ಬಂತು. ಕಿವಿ ಎಂಜಿನ್ನಿಗೆ ಅಂಟಿಸಿದ ಹಾಗೆ ಕೂತಿದ್ದೆ.

"ಬಂತಾ?"

"ಇಲ್ಲ."

ಸ್ವಲ್ಪ ಮೇಲೆ ಹೋಗಿ, "ಬಂತಾ?"

"ಇಲ್ಲ ಅಪ್ಪಾ, ಓಡ್ಸು."

"ಏನು ಬರ್ಬೇಕು ಮೇಸ್ತ್ರಿಗಳೇ?" ಅಂದರು ಮೇಡಂ, ಹೆದರಿ.

ಅವರು ಹಿಂದೆ ಇದ್ದರು, ಅಪ್ಪನಿಗೆ ಕೇಳಿಸಲಿಲ್ಲ. ನಾನೇ ಹೇಳಿದೆ. "ಏನಿಲ್ಲ ಮೇಡಂ. ನಮ್ಮನೆ ಮಾತು."

ತುದಿಗೆ ಹೋಗಿ ನಿಂತಿತು. ಹಬೆ ಇಲ್ಲ. ಮೇಡಂ "ಕಿವಿ ಮೇಸ್ತ್ರಿ ಅಂದ್ರೆ ಸುಮ್ನೇನಾ" ಅಂದರು. ಅಪ್ಪ ಬಗ್ಗಿ ಟೈರ್ ನೋಡಿದ. ಟೈರಿಗೆ ಏನೂ ಆಗಿರಲಿಲ್ಲ.

ಮಾರ್ಚ್ 25, ಬೆಳಿಗ್ಗೆ

ಶೆಡ್ ತೆಗೆದಿದ್ದಾನೆ. ಆಗಲೇ ಪಂಕ್ಚರ್ ಅಣ್ಣ ಶುರು ಮಾಡಿದ: "ಏನು, ಅಪ್ಪ ಮಗಳು ಈಗ ಮುಖ ಮುಖ ನೋಡ್ಕೊಂಡೇ ರಿಪೇರಿ ಮಾಡ್ತೀರಾ?" ನಗ್ತಿದ್ದ, ಆದರೆ ಕಣ್ಣು ನಗ್ತಿರಲಿಲ್ಲ. ಗೊತ್ತಾಗಿದೆಯಾ? ಗೊತ್ತಾದರೆ ಇವನ ಬಾಯಿಗೆ ಯಾವ ಪ್ಯಾಚ್ ಹಾಕಲಿ? ಪ್ಲಾಸ್ಟರ್ ಬಿಚ್ಚಿದ ಮೇಲೂ ನಾನು ಹೀಗೇ ಪಕ್ಕದಲ್ಲಿ ಕೂರಬೇಕಾ, ದಿನಾ, ಪ್ರತಿ ಗಾಡಿಗೂ? ಅಪ್ಪನ ಎಡಗಿವೀನೂ ಹೋದರೆ?

ಯಾವುದೋ ವ್ಯಾನ್ ಬಂದು ನಿಂತ ಸದ್ದು. ಎಂಜಿನ್ ತಡವರಿಸಿ ತಡವರಿಸಿ ಮಿಸ್ಸಿಂಗ್ ಹೊಡೀತಿದೆ, ಇಲ್ಲಿಗೇ ಕೇಳಿಸ್ತಿದೆ. ಅಪ್ಪ ಕರೀತಿದ್ದಾನೆ. "ಪಟಾಕೀ!" "ಬಂದೆ" ಅಂದೆ. ಮತ್ತೆ ಕರೀತಿದ್ದಾನೆ. ಬಂದೇ ಅಂತ ಕಿರುಚಿದರೆ ವ್ಯಾನಿನವನಿಗೆ ಗೊತ್ತಾಗುತ್ತೆ. ಎದುರಿಗೇ ಹೋಗಿ ನಿಂತ್ಕೋಬೇಕು.