ಬಾಣಂತಿ ಕೋಣೆಯ ಕಿಟಕಿ

ಬನಹಟ್ಟಿ
೧೧ ಡಿಸೆಂಬರ್ ೨೦೨೪

ಮುನಿಸಿಕೊಂಡ ತಂಗಿ ರೇಷ್ಮಾಳಿಗೆ,

ನೀನು ನನ್ನ ನಂಬರು ಬ್ಲಾಕ್ ಮಾಡಿ ಎಂಟು ತಿಂಗಳಾಯಿತು. ಮುಧೋಳದ ನಿನ್ನ ಹೊಸ ಮನೆಯ ಗೃಹಪ್ರವೇಶದಲ್ಲಿ, ಊಟದ ಪಂಕ್ತಿಯ ನಡುವೆ, ‘ಕಿಟಕಿಗೆ ಗಾಜು, ಬಾಗಿಲಿಗೆ ರಬ್ಬರು, ಒಳಗಿನ ಗಾಳಿಗೆ ಹೊರಗಿಲ್ಲ ಖಬರು’ ಎಂದು ಪ್ರಾಸ ಕಟ್ಟಿದ್ದೆ. ನಿನ್ನ ಬೀಗರು ನಕ್ಕರು, ನೀನು ನಗಲಿಲ್ಲ. ಕನ್ನಡ ಬಿ.ಎ. ಮಾಡಿದ್ದರಿಂದ ನನಗಾದ ಲಾಭ ಇಷ್ಟೇ.

ಶುಕ್ರವಾರ ನಿನ್ನ ಮಗಳು ಕೂಸಿನೊಡನೆ ಆಸ್ಪತ್ರೆಯಿಂದ ಬರುತ್ತಾಳಂತೆ. ಬಾಣಂತನಕ್ಕೆಂದು ಅವ್ವ ನಾಳೆಯೇ ನಿನ್ನಲ್ಲಿಗೆ ಹೊರಟಿದ್ದಾಳೆ. ಚೀಲದಲ್ಲಿ ಕಂಬಳಿ, ಅಜಿವಾನ, ಅಗ್ಗಿಷ್ಟಿಗೆಗೆ ಇದ್ದಿಲು. ‘ಇಲ್ಲಿ ನಿನ್ನ ಮನ್ಯಾಗ ಮಾಡಿದಂಗ ಮಾಡತೀನಿ. ಕಿಡಕಿ ಜಡದ್ರ ಸೂಜಿಯಷ್ಟೂ ಗಾಳಿ ಬರಂಗಿಲ್ಲ’ ಅನ್ನುತ್ತಿದ್ದಾಳೆ.

ರೇಷ್ಮಾ, ಹಾಗೆ ಮಾಡಗೊಡಬೇಡ.

ಚಿಮ್ಮಡದ ಹಳೇ ಮನೆಯಲ್ಲಿ ನಾವಿಬ್ಬರೂ ಹೊರಸಿನ ಕೆಳಗೆ ಕೆಂಡ ಇಟ್ಟುಕೊಂಡೇ ಬಾಣಂತನ ಮುಗಿಸಿದೆವು. ಅಲ್ಲಿ ಮಾಳಿಗೆಗೆ ಬೆಳಕಿಂಡಿ ಇತ್ತು, ಬಾಗಿಲಿನ ಸಂದಿಯಲ್ಲಿ ಬೆಕ್ಕು ಓಡಾಡುತ್ತಿತ್ತು. ನನ್ನ ಮಗಳು ಸಂಧ್ಯಾಳ ಬಾಣಂತನ ಆದದ್ದು ಈ ಏಸಿ ಕೋಣೆಯಲ್ಲಿ. ಏಳನೆಯ ದಿನ ಮಧ್ಯಾಹ್ನ ಅವ್ವ ಕೆಂಡ ಇಟ್ಟು ಕಿಟಕಿಯನ್ನು ಒಂದು ಗೇಣು ತೆಗೆದಳು. ‘ಕೆಂಡಕ್ಕೂ ಉಸರ ಬೇಕ ಬೇ’ ಅಂದಳು. ಆಕೆ ಸ್ನಾನಕ್ಕೆ ಹೋದಾಗ ನಾನು ಅದನ್ನು ಜಡಿದೆ. ಗಾಳಿ ತಾಗೀತೆಂದಲ್ಲ, ಲಕ್ಷ ಕೊಟ್ಟು ಕಟ್ಟಿಸಿದ ಕೋಣೆಗೆ ಹಳ್ಳಿ ಬುದ್ಧಿ ಯಾಕೆ ಎಂದು.

ಒಂದು ತಾಸಿನ ಮೇಲೆ ಬಾಗಿಲು ತೆಗೆದೆ. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ಸಂಧ್ಯಾಳ ಕೆನ್ನೆ ಕೆಂಪಗಿತ್ತು. ನಿದ್ದೆ ಹತ್ತಿದೆ ಎಂದು ಖುಷಿಪಟ್ಟೆ. ಕೂಗಿದರೂ ಏಳಲಿಲ್ಲ. ಕೂಸಿನ ಕೈ ಎತ್ತಿದರೆ ಕೈ ಹಾಗೇ ಬಿತ್ತು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಮುಚ್ಚಿದ ಕೋಣೆಯ ಕೆಂಡದ ವಿಷಗಾಳಿ ಅದು, ಕಣ್ಣಿಗೂ ಮೂಗಿಗೂ ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ಆ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ಮನೆಯವರಿಗೆ ‘ನಿಶ್ಶಕ್ತಿ, ದೃಷ್ಟಿ’ ಎಂದೆ. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಅವರು ಮನೆಗೆ ಬಂದ ಮರುದಿನ ‘ಜಡದ ಕಿಡಕೀನ ಛಲೋ, ಬೆಚ್ಚಗಿರತೈತಿ’ ಎಂದು ನನ್ನನ್ನೇ ಹೊಗಳಿದಳು. ಕೆಂಡ ಒಳಗೆ ಬೇಡ, ಹೊಗೆ ಕಟ್ಟುತ್ತದೆ ಎಂದಷ್ಟೇ ಹೇಳಿ ತಪ್ಪಿಸಿದೆ.

ಕಲಿಸಿದವಳು ನಾನು; ಆ ಪಾಠ ನಾಳೆ ಬಸ್ಸು ಹತ್ತುತ್ತದೆ. ಕೆಂಡವನ್ನು ಹೊಸ್ತಿಲೊಳಗೆ ಬಿಡಬೇಡ. ಕಂಬಳಿಯನ್ನು ಬಿಸಿಲಿಗೆ ಕಾಯಿಸಿ ಹೊದಿಸು, ಕಿಟಕಿ ತೆರೆದಿಡು. ಅವ್ವ ಜಗಳ ತೆಗೆದರೆ ಈ ಪತ್ರವನ್ನು ಗಟ್ಟಿಯಾಗಿ ಓದಿ ಹೇಳು. ಇದನ್ನು ಆಕೆಯ ಚೀಲದಲ್ಲೇ ಇಡುತ್ತಿದ್ದೇನೆ. ಆಕೆಗೆ ಓದಲು ಬಾರದು ಎಂಬ ಧೈರ್ಯದ ಮೇಲೆ. ಎದುರಿಗೆ ಹೇಳುವ ಧೈರ್ಯ ನನಗಿಲ್ಲ.

ನೀನು ಮಾತು ಬಿಟ್ಟರೂ ನಿನ್ನವಳೇ,
ಅಕ್ಕ ಭಾಗ್ಯಾ

ತಾ.ಕ.: ಒಂದನ್ನು ಬಿಟ್ಟೆ. ಸಂಧ್ಯಾಳ ಮಗ ನವೀನನಿಗೆ ಈಗ ಎರಡೂವರೆ ವರ್ಷ. ಇನ್ನೂ ಒಂದು ಮಾತು ಆಡಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ‘ಗಂಡ ಹುಡುಗ್ರು ತಡಾನ ಮಾತಾಡತಾವ’ ಎಂದು ಅವ್ವ ಸಮಾಧಾನ ಹೇಳುತ್ತಾಳೆ. ಹೋದ ವಾರ ಜಮಖಂಡಿಯಲ್ಲಿ ಮಕ್ಕಳ ಡಾಕ್ಟರು, ‘ಕೂಸಿದ್ದಾಗ ಯಾವಾಗರೆ ಉಸರ ಕಟ್ಟಿತ್ತೇನ್ರಿ?’ ಎಂದು ಕೇಳಿದರು. ಸಂಧ್ಯಾ ನನ್ನ ಮುಖ ನೋಡಿದಳು. ನಾನು ಇಲ್ಲ ಎಂದೆ.