ಹೆದ್ದಾರಿಗೆ ಮುಚ್ಚಳ

ಮಾರ್ಚ್ ೩, ಸೋಮವಾರ

ಇವತ್ತೂ ಮರ ಅಂಟಿಸುವುದೇ ಕೆಲಸ. ಹಸಿರು ಸ್ಪಂಜಿನ ಚೂರು, ಕೆಳಗೊಂದು ಕಡ್ಡಿ. ಬೆರಳಿಗೆ ಬೆರಳು ಅಂಟಿ ಪೆನ್ನು ಹಿಡಿಯುವುದೇ ಕಷ್ಟ. ನಗರಸಭೆಯಲ್ಲಿ ಮಾಡೆಲ್ ಮಾಡುವವಳು ನಾನೊಬ್ಬಳೇ. ಗುರುವಾರ ಹಣಕಾಸು ಸಮಿತಿಯ ಮುಂದೆ ಇಡಬೇಕು. ತಗ್ಗಿನಲ್ಲಿ ಹೆದ್ದಾರಿ, ಅದರ ಮೇಲೆ ಮೂರು ಕಡೆ ಎರಡೂ ಬದಿ ಕೂಡಿಸುವ ಕಾಂಕ್ರೀಟ್ ಡೆಕ್, ಡೆಕ್ ಮೇಲೆ ಪಾರ್ಕು, ನಡುವೆ ಪುಟ್ಟ ಕೊಳ.

ಅಮ್ಮ ಡೆಕ್ ಅನ್ನುವುದಿಲ್ಲ. "ರಸ್ತೆಗೆ ಮುಚ್ಚಳ ಹಾಕ್ತಾರಂತೆ ಕಣೇ" — ಬಾಲ್ಕನಿಯಲ್ಲಿ ನಿಂತು ಚಿಕ್ಕಮ್ಮನ ಜೊತೆ ಫೋನು. ಚಿಕ್ಕಮ್ಮ ಹೆದ್ದಾರಿಯ ಆಚೆಕಡೆ, ತನ್ನ ಬಾಲ್ಕನಿಯಲ್ಲಿ. ಒಬ್ಬರಿಗೊಬ್ಬರು ಕಾಣುತ್ತಾರೆ. ಕೂಗಿದರೆ ಕೇಳಿಸದು, ಲಾರಿಗಳ ಸದ್ದು. ಸುತ್ತಿಕೊಂಡು ಹೋಗಲು ಬಸ್ಸು ಬದಲಿಸಬೇಕು. ಇಬ್ಬರಿಗೂ ಮಂಡಿನೋವು.

ಮಾರ್ಚ್ ೬, ಗುರುವಾರ

ಸಮಿತಿಯ ಅಧ್ಯಕ್ಷರಿಗೆ ಆಫೀಸಿನವರು ಇಟ್ಟ ಹೆಸರು ಕತ್ತರಿ. ಬಂದವರೇ ಮಾಡೆಲ್ ಮೇಲೆ ಬಗ್ಗಿದರು.

"ಈ ಕೊಳ ಯಾಕೆ? ಸೊಳ್ಳೆ ಸಾಕೋಕಾ?"

ಕೊಳ ಹೋಯಿತು. ಆಮೇಲೆ — "ಮೂರಕ್ಕೆ ದುಡ್ಡೆಲ್ಲಿದೆ ರೀ? ಎರಡು ಸಾಕು." ಮುಖ್ಯ ಇಂಜಿನಿಯರ್ ನನ್ನ ಮುಖ ನೋಡಿದರು. ಎಲ್ಲರೆದುರೇ ಒಂದು ಡೆಕ್ ಕಿತ್ತೆ. ಪುಣ್ಯಕ್ಕೆ ನಮ್ಮ ಮನೆ ಮುಂದಿನದಲ್ಲ. ಎಸೆಯಲು ಮನಸ್ಸು ಬರದೆ ಮನೆಗೆ ತಂದೆ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು. ಪಕ್ಕದ ಹೆಂಗಸು ಇಣುಕಿ, "ಕೇಕಾ? ಯಾರದ್ದು ಬರ್ತ್‌ಡೇ?"

ಮುಖ್ಯ ಇಂಜಿನಿಯರದ್ದು ಅಂದುಬಿಟ್ಟೆ.

ಮಾರ್ಚ್ ೭

ಅಮ್ಮ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಮ್ಮ ಮನೆ ಮುಂದೆ ಬರುವುದೂ ಹೀಗೇ ಇರುತ್ತೆ ಅಂದೆ. ಈ ಅಂಚಿಗೆ ನಾವು, ಆ ಅಂಚಿಗೆ ಚಿಕ್ಕಮ್ಮ.

"ಇಷ್ಟೇನಾ? ಹಾಗಾದ್ರೆ ಅವಳು ಚಪ್ಪಲಿ ಮೆಟ್ಟಿದ್ಲು ಅಂದ್ರೆ ಬಂದೇಬಿಟ್ಲು!"

ತುಂಡನ್ನು ನನ್ನ ಕೈಗಿಟ್ಟು ಅಡುಗೆಮನೆಗೆ ಹೋದಳು. ಪಾಪ, ಖುಷಿ ತಡೆಯಲಾಗಲಿಲ್ಲವೇನೋ.

ಮಾರ್ಚ್ ೧೯

ಬರೆಯುವ ಮನಸ್ಸೇ ಇರಲಿಲ್ಲ. ಎರಡಿದ್ದ ಡೆಕ್ ಈಗ ಒಂದು. ಯಾವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ — ನಮ್ಮದೋ, ಶಾಪಿಂಗ್ ಮಾಲ್ ಪಕ್ಕದ್ದೋ. ಮಾಲ್‌ನವರು ಲಾಯರನ್ನೇ ಕರೆತರುತ್ತಾರಂತೆ. ಮುಖ್ಯ ಇಂಜಿನಿಯರ್ ನನ್ನ ಟೇಬಲ್ ಹತ್ತಿರ ಬಂದು ನಿಂತರು.

"ನಿಮ್ಮ ತಾಯಿ, ಚಿಕ್ಕಮ್ಮ ಇಬ್ಬರನ್ನೂ ಸಾರ್ವಜನಿಕ ಸಭೆಗೆ ಕರ್ಕೊಂಡು ಬನ್ನಿ. ರಸ್ತೆ ದೂರ ಮಾಡಿದ ಅಕ್ಕತಂಗಿ! ಕತ್ತರಿ ಕಣ್ಣಲ್ಲೂ ನೀರು ಬರುತ್ತೆ ನೋಡಿ."

ನನಗೂ ಆಸೆ. ಈ ರಸ್ತೆ ಅಗೆಯುವ ಮೊದಲು ಚಿಕ್ಕಮ್ಮನ ಮನೆಗೆ ಬರಿಗಾಲಲ್ಲಿ ಓಡುತ್ತಿದ್ದವಳು ನಾನು.

ಕೇಳಿದ ಕೂಡಲೇ ಅಮ್ಮ ಒಪ್ಪಿದಳು. ಇಷ್ಟು ಸುಲಭವಾಗಿ ಒಪ್ಪುವವಳಲ್ಲ, ಯಾಕೋ ಅನುಮಾನ.

ಮಾರ್ಚ್ ೨೫, ರಾತ್ರಿ

ಮಾನ ಹೋಯಿತು.

ಮಾಲ್‌ನ ಲಾಯರ್ ಮಾತಾಡುವಾಗ ಅರ್ಧ ಸಭೆ ತೂಕಡಿಸುತ್ತಿತ್ತು. ಆಮೇಲೆ ಚಿಕ್ಕಮ್ಮ. ಎಷ್ಟು ಚೆನ್ನಾಗಿ ಮಾತಾಡಿದಳು! "ಅಕ್ಕ ಕೆಮ್ಮಿದ್ರೆ ಕಾಣುತ್ತೆ, ಒಂದು ಲೋಟ ಬಿಸಿನೀರು ಕೊಡೋಕಾಗಲ್ಲ." ಮುಖ್ಯ ಇಂಜಿನಿಯರ್ ಮೂಗು ಒರೆಸಿಕೊಂಡರು. ಆಮೇಲೆ ಮೈಕು ಅಮ್ಮನ ಕೈಗೆ.

"ನಂಗೆ ಬೇಡ."

ಸಭೆ ಎಚ್ಚರವಾಯಿತು.

"ರಸ್ತೆ ಇಲ್ಲದಾಗ ಇವಳು ದಿನಾ ನಮ್ಮನೆ ಅಡುಗೆಮನೇಲೇ ಠಿಕಾಣಿ. ನಾನು ಮಾಡಿದ್ದಕ್ಕೆಲ್ಲ ನಂಗೆ ಗೊತ್ತಾಗದ ಹಾಗೆ ಉಪ್ಪು ಸುರಿಯೋಳು. ರಸ್ತೆ ಬಂದ್ಮೇಲೇ ನಾವು ಚೆನ್ನಾಗಿರೋದು."

ಚಿಕ್ಕಮ್ಮ ಎದ್ದು ಇನ್ನೊಂದು ಮೈಕು ಕಿತ್ತುಕೊಂಡಳು. "ನೀನು ಉಪ್ಪು ಹಾಕಿದ್ರೆ ತಾನೆ! ಭಾವ ಪಾಪ ಬಾಯಿ ಬಿಡ್ತಿರ್ಲಿಲ್ಲ."

"ಅವರ ಸುದ್ದಿಗೆ ಬರ್ಬೇಡ!"

ಎರಡೂ ಮೈಕು ಕುಯ್ಯೆಂದವು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಮಾಡೆಲ್ ಹಿಂದೆ ಕುಕ್ಕರಗಾಲಲ್ಲಿ ಕೂತೆ.

ಕತ್ತರಿ ಮೇಜು ಕುಟ್ಟಿದರು. "ಅಮ್ಮಾ, ನೀವಿಬ್ಬರೂ ಹೀಗೆ ಎದುರುಬದುರು ಮಾತಾಡಿ ಎಷ್ಟು ದಿನ ಆಯ್ತು?"

ಅಮ್ಮ ಸೆರಗು ಸರಿಮಾಡಿಕೊಂಡಳು. "ಇವಳ ಭಾವ ಹೋದಾಗ ಬಂದಿದ್ಲು," ಅಂದಳು. ಅಪ್ಪ ಹೋಗಿ ವರ್ಷಗಳೇ ಆದವು.

ಚಿಕ್ಕಮ್ಮ ಮೈಕು ಕೆಳಗಿಡಲು ಮರೆತು ಅಮ್ಮನನ್ನೇ ನೋಡುತ್ತಿದ್ದಳು. "ಅಕ್ಕಾ, ನಿನ್ನ ತಲೆ ಇಷ್ಟು ಬೆಳ್ಳಗಾಗಿದ್ದು ಬಾಲ್ಕನಿಯಿಂದ ಕಾಣ್ತಾನೇ ಇರ್ಲಿಲ್ಲ."

ಆಚೆಕಡೆಯ ಕೊನೆಯ ಬಸ್ಸು ತಪ್ಪಿತು. ಚಿಕ್ಕಮ್ಮ ಇವತ್ತು ಇಲ್ಲೇ.

ಮಾರ್ಚ್ ೨೬

ವೋಟಾಯಿತು. ನಮ್ಮದೇ! ಸಮಸಮ ಬಂದಿತ್ತು, ಕೊನೆಯ ಕೈ ಎತ್ತಿದ್ದು ಕತ್ತರಿ. ಮರ ಬೇಡ, ಹುಲ್ಲು ಸಾಕು, ಬೇಕಾದರೆ ಬೆಂಚು — ಅವರ ಷರತ್ತು. ಮುಖ್ಯ ಇಂಜಿನಿಯರ್ ಬಾಗಿಲ ಬಳಿ ಕೇಳಿದರಂತೆ, "ಸರ್, ಆ ತಾಯಿ ಬೇಡ ಅಂದ್ರಲ್ಲ?"

"ಅದಕ್ಕೇ ರೀ. ಅವರಿಗೆ ಮೈಕ್ ಇಲ್ಲದೆ ಜಗಳ ಆಡೋಕೆ ಒಂದು ಜಾಗ ಬೇಡ್ವಾ?"

ಅಮ್ಮನಿಗೆ ಹೇಳಿದೆ. "ಹೂಂ, ಹಾಕ್ಲಿ ಹಾಕ್ಲಿ" ಅಂದಳು, ಯಾರೋ ಬಲವಂತ ಮಾಡಿದ ಹಾಗೆ. ಆಮೇಲೆ ತಂಗಿಯ ತಲೆ ಬಾಚಲು ಕೂತಳು.

ಮಾರ್ಚ್ ೩೦, ಭಾನುವಾರ

ಒಂದು ರಾತ್ರಿಗೆಂದು ಉಳಿದ ಚಿಕ್ಕಮ್ಮ ಇನ್ನೂ ಹೋಗಿಲ್ಲ. ನನ್ನ ಹಾಸಿಗೆ ಅವಳದ್ದು. ನಾನು ಹಾಲ್‌ನಲ್ಲಿ.

ಮಾಡೆಲ್ ತಿದ್ದಲು ಮನೆಗೆ ತಂದಿದ್ದೇ ತಪ್ಪಾಯಿತು. ಬೆಂಚು ಎಲ್ಲಿ ಅಂತ ಬೆಳಿಗ್ಗೆಯಿಂದ ರಾಮಾಯಣ. "ನನ್ನ ಕಡೆ ಹಾಕು, ನಾನು ದೊಡ್ಡೋಳು." "ನಂಗೂ ಮಂಡಿ ಇದೆ, ನನ್ನ ಕಡೆ ಹಾಕು." ನಟ್ಟನಡುವೆ ಒಂದು ಅಂಟಿಸಿದೆ. ಅಮ್ಮ ಬಗ್ಗಿ ನೋಡಿ, "ಎರಡು ಮಾಡು, ಬೆನ್ನಿಗೆ ಬೆನ್ನು ಬರೋ ಹಾಗೆ" ಅಂದಳು. ಮಾಡಿದೆ. ಹೊರಗೆ ಬಂದು ಬರೆಯುತ್ತಿದ್ದೇನೆ. ಒಳಗೆ ಸದ್ದಿಲ್ಲ. ಇಬ್ಬರೂ ಸುಮ್ಮನಿದ್ದಾರೆ ಅಂದರೆ ಏನೋ ನಡೆಸಿದ್ದಾರೆ. ಈಗ ಪಿಸುಪಿಸು... "ಎರಡನ್ನೂ ಎದುರುಬದುರು ತಿರುಗಿಸೇ, ನಿನ್ನ ಮುಖ ಕಾಣಲ್ಲ" — ಇದು ಅಮ್ಮನ ದನಿ! ಅಯ್ಯೋ, ಅಂಟು ಇನ್ನೂ ಒಣಗಿಲ್ಲ, ಚಿಕ್ಕಮ್ಮ ಬೆಂಚನ್ನ ಎಳೆ—