ಎತ್ತಿಕೊಂಡರೆ ಅಳುವ ಅಪೊಂಡಿ

ಎಂಬಿಟಾ ದೋಣಿಕಟ್ಟೆ
14 ಆಗಸ್ಟ್ 1988, ಭಾನುವಾರ

ತಮ್ಮಾ ಒಡೇರ,

ಹಾಗಾದರೆ ಇನ್ನೂ ಅಳುತ್ತಿದ್ದಾಳೆ ಅನ್ನು! ಹಾಲಿನವನು ಎತ್ತಿಕೊಂಡರೆ ನಗು, ಪಕ್ಕದ ಮನೆಯ ಹಲ್ಲಿಲ್ಲದ ಮುದುಕ ಎತ್ತಿಕೊಂಡರೆ ನಗು, ಹುಟ್ಟಿಸಿದ ಅಪ್ಪ ಎತ್ತಿಕೊಂಡರೆ ಮಾತ್ರ ಮೊಂಬಾಸಾ ಬಂದರಿನ ಹಡಗುಗಳೆಲ್ಲ ದಾರಿ ಬಿಡುವಂಥ ಕೂಗು. ನಿನ್ನ ಕಾಗದ ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನಿಜ. ಎರಡನೇ ಸಲ ಓದಿದಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು. ತಿಂಗಳ ಕೊನೆಗೆ ತಾಯಿ ಮಗು ಇಬ್ಬರನ್ನೂ ಬಸ್ಸು ಹತ್ತಿಸುತ್ತೇನೆ, ನೀನು ಕಿಸುಮುಗೆ ಬಂದು ಇಳಿಸಿಕೋ, ಮಗು ನಡೆಯುವಂತಾದ ಮೇಲೆ ಕರೆಸಿಕೊಳ್ಳುತ್ತೇನೆ ಅಂತ ಬರೆದಿದ್ದೀಯ. ಅಲ್ಲಿಗೆ ನಗು ನಿಂತಿತು.

ಉತ್ತರ ತಡವಾಯಿತು, ಬೈಯಬೇಡ. ನಾನು ಸುಮ್ಮನೆ ಕೂತಿರಲಿಲ್ಲ. ಅಪ್ಪ ಎತ್ತಿಕೊಂಡರೆ ಮಾತ್ರ ಮಗು ಯಾಕೆ ಅಳುತ್ತದೆ ಅಂತ ಎರಡು ವಾರ ಕಂಡಕಂಡವರನ್ನು ಕೇಳಿಕೊಂಡು ಓಡಾಡಿದೆ. ಈ ಕಟ್ಟೆಯಲ್ಲಿ ನಿನ್ನ ದೋಣಿ ಎಲ್ಲಿ ಸೋರುತ್ತದೆ ಅಂತ ಕೇಳಿದರೆ ಒಬ್ಬನೂ ಬಾಯಿ ಬಿಡುವುದಿಲ್ಲ. ಮಗು ಯಾಕೆ ಅಳುತ್ತದೆ ಅಂತ ಕೇಳಿ ನೋಡು, ಮದುವೆಯೇ ಆಗದವನೂ ಬಲೆ ಬಿಟ್ಟು ಎದ್ದು ಬಂದು ಬುದ್ಧಿ ಹೇಳುತ್ತಾನೆ.

ಮನೆಯಲ್ಲಿ ಎಲ್ಲರೂ ಸೌಖ್ಯ. ಅವ್ವನ ಮಂಡಿ ಸೋತಿದೆ, ಬಾಯಿ ಸೋತಿಲ್ಲ. ನಿನ್ನ ಅತ್ತಿಗೆ ಒಣಮೀನು ಹೊತ್ತು ಸಂತೆಗೆ ಹೋಗಿಬರುತ್ತಿದ್ದಾಳೆ. ಚಿಕ್ಕವರಿಬ್ಬರು ನನ್ನ ಬೆನ್ನಿನ ಮೇಲೇ ವಾಸ. ದೊಡ್ಡವಳು ಅಕೋತ್‌ಗೆ ಹದಿನೇಳು ತುಂಬಿತು. ಊರಲ್ಲೆಲ್ಲ ಅವಳದೇ ಹೊಗಳಿಕೆ. ನಾನು ಅಂಗಳಕ್ಕೆ ಕಾಲಿಟ್ಟರೆ ಕುರ್ಚಿ ಬರುತ್ತದೆ, ಕೈ ತೊಳೆಯಲು ನೀರು ಬರುತ್ತದೆ. "ಊಟ ಆಗಿದೆ, ಏಳಿ" ಅಂತ ಮೆಲ್ಲಗೆ ಒಂದು ಸಲ ಹೇಳಿ ಬಾಗಿಲಲ್ಲಿ ಕಾಯುತ್ತಾಳೆ. ಎರಡನೇ ಸಲ ಕರೆದವಳಲ್ಲ. "ಇಂಥ ಮಗಳು ನಿನ್ನಂಥ ಮಂಗನಿಗೆ ಹೆಂಗೆ ಹುಟ್ಟಿದ್ಲಯ್ಯ?" ಅಂತ ಒಗ್ವೆನೊ ಕೇಳುತ್ತಿರುತ್ತಾನೆ.

ಒಗ್ವೆನೊ ಗೊತ್ತಲ್ಲ, ಒಂಬತ್ತು ಮಕ್ಕಳ ಅಪ್ಪ, ಮೀನುಗಾರ. ಅನುಭವಸ್ಥ ಅಂತ ಮೊದಲು ಅವನನ್ನೇ ಕೇಳಿದೆ. ಬೋರಲು ಹಾಕಿದ ದೋಣಿಯ ಮೇಲೆ ಕೂತು ಅವನು ತೀರ್ಪು ಕೊಟ್ಟ.

"ವಾಸನೆ ಕಣಯ್ಯ. ನಿನ್ನ ತಮ್ಮ ಬಂದರಲ್ಲಿ ಎಣ್ಣೆ ಪೀಪಾಯಿ ಉರುಳಿಸ್ತಾನೆ. ಆ ನಾತಕ್ಕೆ ಅಳುತ್ತೆ."

"ನೀನು ಮೂವತ್ತು ವರ್ಷದಿಂದ ಮೀನು ನಾರ್ತಾ ಇದೀಯಲ್ಲ, ನಿನ್ನ ಮಕ್ಕಳು ಅಳಲಿಲ್ವಾ?"

"ನಾನೆಲ್ಲಿ ಎತ್ಕೊಂಡೆ? ಮಗು ಅಂದ್ರೆ ದೋಣಿ ಇದ್ದಂಗೆ. ತೇಲೋದು ಗ್ಯಾರಂಟಿ ಆದ್ಮೇಲೆ ನಾವು ಹತ್ತಬೇಕು."

"ಆದ್ರೆ ಮಾವ, ಕಟ್ಟೋವಾಗ ಒಬ್ಬ ಪಕ್ಕದಲ್ಲಿ ಇರ್ಬೇಕಲ್ಲ?" ಅಂದವನು ಮಗಾಕ್.

ಮಗಾಕ್ ನೀನು ಹೋದ ಮೇಲೆ ಬಂದವನು. ನಾನು ದೋಣಿ ಕಟ್ಟುವ ಜಾಗದ ಪಕ್ಕದಲ್ಲೇ ಸೈಕಲ್ ರಿಪೇರಿ ಇಟ್ಟಿದ್ದಾನೆ. ಹೆಂಡತಿ ವಾರಕ್ಕೆ ಮೂರು ದಿನ ಹೋಮಾ ಬೇ ಸಂತೆಗೆ ಹೋಗುತ್ತಾಳೆ. ಆ ಮೂರು ದಿನ ಹನ್ನೊಂದು ತಿಂಗಳ ಮಗಳು ಇವನ ಬೆನ್ನಿನ ಮೇಲೆ, ಹೆಂಡತಿಯ ಹೂವಿನ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಇರುತ್ತಾಳೆ. ಗಂಡಸರು ಬಿಡುತ್ತಾರೆಯೇ? "ಏನಮ್ಮ ಮಗಾಕವ್ವ, ಹಾಲು ಬಂತಾ?" ಅನ್ನುತ್ತಾರೆ. ಅವನು ಪಂಪು ಎತ್ತಿ ತೋರಿಸಿ, "ಹಾಲು ಬರ್ಲಿಲ್ಲ ಮಾವ, ಗಾಳಿ ಬೇಕಾದ್ರೆ ಹಾಕ್ತೀನಿ, ಹತ್ರ ಬನ್ನಿ" ಅನ್ನುತ್ತಾನೆ.

ನನಗೆ ಕುತೂಹಲ ತಡೆಯಲಾಗಲಿಲ್ಲ. ಒಗ್ವೆನೊ ಹೇಳಿದ ವಾಸನೆಯ ಮಾತು ಪರೀಕ್ಷೆ ಮಾಡೋಣ ಅಂತ ಮಗಾಕನ ಮಗಳನ್ನು ಸಾಲ ಕೇಳಿದೆ. ಮೊದಲು ಡಾಂಬರಿನ ಕೈಯಲ್ಲೇ ಎತ್ತಿಕೊಂಡೆ, ಅತ್ತಳು. ಸೋಪು ಹಾಕಿ ಮೊಣಕೈವರೆಗೆ ತೊಳೆದು ಎತ್ತಿಕೊಂಡೆ, ಅತ್ತಳು. ಮಗಾಕನ ಅಂಗಿ ಬಿಚ್ಚಿಸಿ ಹಾಕಿಕೊಂಡೆ. ಇನ್ನೂ ಜೋರಾಗಿ ಅತ್ತಳು, ಅಪ್ಪನನ್ನು ಕೊಂದು ಅಂಗಿ ಕಿತ್ತುಕೊಂಡು ಬಂದಿದ್ದಾನೆ ಅನ್ನುವ ಹಾಗೆ ನೋಡಿದಳು. ಸಾಕಪ್ಪ ಅಂತ ಮರಳಿನ ಮೇಲೆ ಕೂರಿಸಿ, ದೋಣಿಯ ಹಲಗೆ ಸಂದಿಗೆ ಹತ್ತಿ ತುರುಕಿ ಸುತ್ತಿಗೆಯಿಂದ ಬಡಿಯತೊಡಗಿದೆ. ಟೊಕ್ ಟೊಕ್ ಅಂತಿದ್ದ ಹಾಗೆ ಅಳು ನಿಂತಿತು. ತಿರುಗಿ ನೋಡಿದೆ, ಅಳು. ಬೆನ್ನು ಮಾಡಿದೆ, ಮೌನ. ನಾಲ್ಕು ಸಲ ಮಾಡಿ ನೋಡಿದೆ ತಮ್ಮಾ, ನಾಲ್ಕು ಸಲವೂ ಹಾಗೇ!

"ವಾಸನೆ ಅಲ್ಲ, ಮುಖ" ಅಂದೆ.

"ಆ ಮುಖಕ್ಕೆ ನಾನೂ ಅಳ್ತೀನಿ" ಅಂದ ಒಗ್ವೆನೊ.

ಮಗಾಕ್ ಮಾತ್ರ ನಗಲಿಲ್ಲ. ಅವನ ಕಥೆ ಕೇಳು. ಮಗು ಹುಟ್ಟಿದ ಕೂಡಲೇ ಕೆಲಸಕ್ಕೆ ಅಂತ ಗಡಿಯಾಚೆ ಮುಸೋಮಕ್ಕೆ ಹೋಗಿದ್ದನಂತೆ. ಎಂಟು ತಿಂಗಳ ಮೇಲೆ ಬಂದರೆ ಮಗು ಇವನನ್ನು ಕಂಡು ಕಿರುಚುತ್ತಿತ್ತಂತೆ, ಥೇಟ್ ನಿನ್ನದರ ಹಾಗೆ.

"ಎತ್ಕೊಳೋದು ಬಿಟ್ಬಿಟ್ಟೆ ಅಣ್ಣ. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅವಳ ಚಾಪೆ ಪಕ್ಕ ಕೂತು ಟ್ಯೂಬಿಗೆ ಪಂಚರ್ ಹಾಕ್ತಿದ್ದೆ. ಮುದ್ದೂ ಮಾಡ್ಲಿಲ್ಲ, ತಿರುಗೂ ನೋಡ್ಲಿಲ್ಲ. ಹತ್ತನೇ ದಿನಾನೋ ಏನೋ, ಹಿಂದಿಂದ ಬಂದು ನನ್ನ ಕಿವಿ ಹಿಡ್ಕೊಂಡ್ಲು."

"ಅಲ್ಲೀವರೆಗೂ?"

"ಅಲ್ಲೀವರೆಗೂ ಕೂತಿದ್ದೆ. ಇನ್ನೇನ್ ಮಾಡ್ಲಿ? ನಾವ್ ಎತ್ಕೊಂಡ್ರೆ ಆಗಲ್ಲ ಅಣ್ಣ, ಅವು ನಮ್ಮನ್ನ ಹಿಡ್ಕೋಬೇಕು."

ಇಷ್ಟು ಮಗಾಕನ ಮಾತು. ಇನ್ನು ಅವ್ವನದು ಬೇರೆಯೇ ಇದೆ.

ನೀವು ಅಲ್ಲಿ ಅಳುವ ಕೂಸಿನ ಮುಂದೆ ನಮ್ಮ ಸತ್ತವರ ಹೆಸರು ಒಂದೊಂದಾಗಿ ಕರೆದಿರಿ. "ಅಪೊಂಡಿ" ಅಂದಾಗ ಅಳು ನಿಂತಿತು, ತೀರಿಹೋದ ನಮ್ಮ ಸೋದರತ್ತೆಯೇ ತಿರುಗಿ ಬಂದಳು ಅಂತ ಅದೇ ಹೆಸರಿಟ್ಟಿರಿ. ಪದ್ಧತಿ ಪ್ರಕಾರ ಸರಿಯೇ. ಆದರೆ ಅವ್ವ ಕೇಳಿದಳು, "ಹೆಸರು ಕರೆದೋರು ಯಾರು?"

"ಒಡೇರನೇ ಕರೆದನಂತೆ."

ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದ! ಅದು ಒಪ್ಕೊಂಡು ಸುಮ್ಮನಾಗಿದ್ದಲ್ಲ ಕಣೋ. ಇವನ ದನಿ ಕೇಳಿ ಸಿಟ್ಟಿಗೆ ಬಾಯಿ ಕಟ್ಟೋಯ್ತು!"

ಮಡಕೆ ನೆನಪಿದೆಯಾ ತಮ್ಮಾ? ಅತ್ತೆ ಒಣಗಲು ಇಟ್ಟಿದ್ದ ಒಂಬತ್ತು ಹಸಿ ಮಡಕೆ. ಸುಟ್ಟಿರಲೂ ಇಲ್ಲ. ಕಲ್ಲು ಹೊಡೆದು ಅಷ್ಟನ್ನೂ ಒಡೆದು, ಕರು ನುಗ್ಗಿತು ಅಂತ ನೀನು ಹೇಳಿದೆ. ಪಾಪ, ಆ ಕರು ಎರಡು ದಿನ ಗೂಟಕ್ಕೆ ಕಟ್ಟಿಸಿಕೊಂಡಿತ್ತು.

"ಅತ್ತೆಗೆ ಗೊತ್ತಾಗ್ಲೇ ಇಲ್ವಲ್ಲವ್ವ" ಅಂದೆ.

"ಗೊತ್ತಿತ್ತು. ಕರು ಎಲ್ಲಾದ್ರೂ ಕಲ್ಲು ಹೊಡೆಯುತ್ತಾ? ಅವನಾಗೇ ಬಂದು ಹೇಳ್ಲಿ ಅಂತ ಸಾಯೋವರೆಗೂ ಕಾದ್ಲು. ಈಗ ಅವನ ತೊಡೆ ಮೇಲೇ ಬಂದು ಕೂತವಳೆ. ಇನ್ನೂ ಹೇಳ್ಲಿಲ್ಲ ಅಂದ್ರೆ ಅಳದೆ ಏನು ಕುಣೀತಾಳಾ?"

ಆದ್ದರಿಂದ ಹೀಗೆ ಮಾಡು. ಈ ಕಾಗದ ಸಿಕ್ಕ ಮರುದಿನ ಬೆಳಿಗ್ಗೆ ಸೂರ್ಯ ಏಳುವಾಗ ಮಗುವಿನ ಮುಂದೆ ಕೂತುಕೋ, ಎತ್ತಿಕೊಳ್ಳಬೇಡ. "ಅತ್ತೆ, ಕರು ಅಲ್ಲ, ನಾನು" ಅಂತ ಬಾಯಿಬಿಟ್ಟು ಹೇಳು. ಹಾಗೇ ಇನ್ನೊಂದು ಮಾತೂ ಸೇರಿಸು. ಒಂಬತ್ತರಲ್ಲಿ ನೀನು ಒಡೆದದ್ದು ನಾಲ್ಕು. ಐದು ನನ್ನವು. ದೊಡ್ಡವನಾಗಿದ್ದೂ ಮರದ ಹಿಂದೆ ನಿಂತು ಹೊಡೆದು, ನಿನ್ನನ್ನು ಮುಂದೆ ನೂಕಿದ್ದೆ. ಅವ್ವನಿಗೆ ಇದನ್ನು ಬರೆಯಬೇಡ, ಮಂಡಿ ಸೋತಿದ್ದರೂ ಕೋಲು ಬೀಸುತ್ತಾಳೆ.

ಹೇಳಿಯಾದ ಮೇಲೆ ಮಗಾಕನ ಹಾಗೆ ಪಕ್ಕದಲ್ಲಿ ಕೂತು ನಿನ್ನ ಕೆಲಸ ಮಾಡು. ಹಗ್ಗ ಹೊಸಿ, ಬೂಟು ಹೊಲಿ, ಏನಾದರೂ ಮಾಡು. ದಿನಾ ಅದೇ ಜಾಗ. ಅವ್ವ ಸರಿಯೋ ಮಗಾಕ್ ಸರಿಯೋ ನನಗೆ ಗೊತ್ತಿಲ್ಲ. ಎರಡನ್ನೂ ಮಾಡಿ, ಯಾವುದು ಕೆಲಸ ಮಾಡಿತು ಅಂತ ಬರೆ. ಇಲ್ಲಿ ಇಡೀ ಕಟ್ಟೆಯೇ ಕಾಯುತ್ತಿದೆ. ಒಗ್ವೆನೊ ಅವ್ವನ ಕಡೆ ಪಂದ್ಯ ಕಟ್ಟಿದ್ದಾನೆ.

ಆದರೆ ಬಸ್ಸು ಮಾತ್ರ ಹತ್ತಿಸಬೇಡ. ಕಿಸುಮುಗೆ ನಾನು ಬರುವುದಿಲ್ಲ. ಬರುವುದಿಲ್ಲ ಅಂದರೆ ಬರುವುದಿಲ್ಲ.

ನಿನ್ನ ಹೆಂಡತಿಗೆ, ಆ ಉಯೋಮ ಊರಿನ ಮಗಳಿಗೆ, ನಮ್ಮೆಲ್ಲರ ನೆನಪು ಹೇಳು. ನ್ಯಾಸಾಯೆ ದೇವರು ನಿಮ್ಮ ಒಲೆಯನ್ನು ಬೆಚ್ಚಗೆ, ನಿಮ್ಮ ತಲೆಯನ್ನು ತಣ್ಣಗೆ ಇಟ್ಟಿರಲಿ. ಸಣ್ಣ ಅತ್ತೆ ನೂರು ಮಡಕೆ ಮಾಡಲಿ, ನೀನು ಒಂದನ್ನೂ ಒಡೆಯದಿರು.

ನಿನ್ನ ಅಣ್ಣ,
ಒಬುರ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ.

ಅಕೋತ್ ಐದು ತಿಂಗಳ ಕೂಸಾಗಿದ್ದಾಗ ನಾನು ಕಿಸುಮುವಿನಲ್ಲಿ ದೋಣಿ ಕಟ್ಟುತ್ತಿದ್ದೆ. ಅಲ್ಲಿ ಸೊಳ್ಳೆ ಜಾಸ್ತಿ, ಮಗುವಿಗೆ ಜ್ವರ ಬರುತ್ತದೆ ಅಂತ ಎಲ್ಲರಿಗೂ ಹೇಳಿ ತಾಯಿ ಮಗುವನ್ನು ನಿನ್ನ ಅತ್ತಿಗೆಯ ತಾಯಿಯ ಊರಿಗೆ ಕಳಿಸಿದ್ದೆನಲ್ಲ, ನೀನೇ ಗಂಟು ಹೊತ್ತು ಬಸ್ಸಿಗೆ ಏರಿಸಿದ್ದೆ. ಸೊಳ್ಳೆ ನನ್ನ ಕರು. ನಾನು ಎತ್ತಿಕೊಂಡರೆ ಅಳುತ್ತಿದ್ದಳು. ನಾಲ್ಕು ಜನರ ಎದುರು ನನಗೆ ನಾಚಿಕೆ. ನಡೆಯುವಂತಾದ ಮೇಲೆ ಕರೆಸಿಕೊಳ್ಳುತ್ತೇನೆ ಅಂದಿದ್ದೆ, ನೀನು ಬರೆದ ಹಾಗೇ. ಹಾಲು ಬಿಡಿಸಿ ನಿನ್ನ ಅತ್ತಿಗೆ ಬಂದಳು. ಮಗು ಅಲ್ಲೇ ಉಳಿಯಿತು. ಈ ದೋಣಿ ಮುಗಿಯಲಿ, ಆ ದೋಣಿ ಮುಗಿಯಲಿ ಅಂತ ಆರು ವರ್ಷ ಆಯಿತು.

ಕರೆತರಲು ಹೋದಾಗ ಅವಳು ಓಡಿಹೋಗಿ ಕುರ್ಚಿ ತಂದಿಟ್ಟಳು. ಕೈಗೆ ನೀರು ಹಾಕಿದಳು. "ಮಾವ, ನೀವು ಯಾವಾಗ ಹೊರಡ್ತೀರಿ?" ಅಂತ ಕೇಳಿದಳು, ಬಸ್ಸು ತಪ್ಪೀತು ಅನ್ನುವ ಕಾಳಜಿಯಿಂದ.

ಹನ್ನೊಂದು ವರ್ಷವಾಯಿತು ತಮ್ಮಾ, ಆ ಕುರ್ಚಿ ಇನ್ನೂ ಬರುತ್ತಿದೆ. ಚಿಕ್ಕವರು ನನ್ನ ತಟ್ಟೆಯ ಮೀನು ಕದಿಯುತ್ತಾರೆ, ನನ್ನ ಹೊಟ್ಟೆಗೆ ಗುದ್ದುತ್ತಾರೆ. ಅವಳು ಒಂದು ದಿನವೂ ನನ್ನ ಮೇಲೆ ಮುಖ ಸಿಂಡರಿಸಿಲ್ಲ. ಜನ ಹೊಗಳಿದಾಗ ನಾನೂ ತಲೆ ಆಡಿಸುತ್ತೇನೆ. ಬಂದ ನೆಂಟನನ್ನು ಯಾರಾದರೂ ಬೈಯುತ್ತಾರೆಯೇ?

ಈಗ ನೀನು ನಗು. ಗುರುವಾರದಿಂದ ನಾನು ಅಡುಗೆಮನೆಯಲ್ಲಿ ಕೂರುತ್ತಿದ್ದೇನೆ. "ಗಂಡಸು ಒಲೆ ಹತ್ರ ಕೂತ್ರೆ ಸರೋವರ ಬತ್ತೋಗುತ್ತೆ" ಅಂತ ಅವ್ವನ ಬೊಬ್ಬೆ. ಮೊದಲ ದಿನ ಅಕೋತ್ ಅಲ್ಲಿಗೂ ಕುರ್ಚಿ ತಂದಳು. ಬೇಡ ಅಂತ ಸೌದೆ ಕೊರಡಿನ ಮೇಲೆ ಕೂತು, ಅವಳನ್ನು ನೋಡದೆ ಅವರೆ ಸುಲಿದೆ. ಎರಡನೇ ದಿನ ಕುರ್ಚಿ ತರಲಿಲ್ಲ. ನಿನ್ನೆ, "ಸಿಪ್ಪೆ ಈ ಕಡೆ ಹಾಕಿ" ಅಂದಳು. ಅಷ್ಟೇ. ಎಂಟು ತಿಂಗಳ ಕೂಸಿಗೆ ಹತ್ತು ದಿನ ಹಿಡಿದರೆ ಹದಿನೇಳು ವರ್ಷದವಳಿಗೆ ಎಷ್ಟು ಹಿಡಿಯುತ್ತದೆ ಅಂತ ಮಗಾಕನನ್ನು ಕೇಳಿದೆ. ಅವನು ಲೆಕ್ಕ ಹಾಕಲು ಹೋಗಿ, ಅದನ್ನು ಬಿಟ್ಟು ಟ್ಯೂಬಿಗೆ ಗಾಳಿ ತುಂಬತೊಡಗಿದ.

ಇವತ್ತು ಈ ಕಾಗದ ಮುಗಿಸೋಣ ಅಂತ ಮರದಡಿ ಬಂದು ಕೂತಿದ್ದೇನೆ. ಆಗಲೇ ಒಂದು ಸಲ ಊಟಕ್ಕೆ ಕರೆದಳು, ಬಂದೆ ಅಂದೆ. ಬಾಗಿಲಲ್ಲಿ ಕಾಯುತ್ತಿರುತ್ತಾಳೆ ಅಂತ ನೋಡಿದರೆ ಬಾಗಿಲಲ್ಲಿ ಯಾರೂ

ತಡಿ. ಅಡುಗೆಮನೆಯಿಂದ ಕೂಗು:

"ಅಪ್ಪಾ! ಮುದ್ದೆ ಆರಿ ಕಲ್ಲಾಗ್ತಿದೆ, ಎಷ್ಟು ಸಲ ಕರೀಬೇಕು ನಿಮ್ಮನ್ನ? ಮೀನು ಇವರಿಬ್ರೂ ಮುಗಿಸ್ತಾವ್ರೆ, ಆಮೇಲೆ ನನ್ನ ಕೇಳ್ಬೇಡಿ!"

ಅಕೋತ್ ಕಣೋ. ಬೈತಾ ಇದ್ದಾಳೆ. ಹೋಗ್ತೀನಿ.